ಪುಣೆಯಲ್ಲಿ ಬಿ.ಎಸ್ಸಿ. ಜಿಯಾಲಜಿ ಓದಿದರೆ ಹೇಗೆ?

ಮಗಳಿಗೆ ಪುಣೆಯಲ್ಲೇ ಜಿಯಾಲಜಿ (ಭೂವಿಜ್ಞಾನ) ಓದಿಸಬಹುದಾ, ಮುಂದೆ ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ. ಆಸಕ್ತಿ ಇದ್ದರೆ ಧಾರಾಳವಾಗಿ ಓದಿಸಿ. ಫರ್ಗ್ಯೂಸನ್ ಕಾಲೇಜಿನಲ್ಲೂ ಈ ವಿಭಾಗ ಇದೆ.

ಸುಮ್ನೆ ಉರು ಹೊಡೆದರೆ ಆಗಲ್ಲ. ಪ್ರಾಕ್ಟಿಕಲ್‌ನಲ್ಲಿ ಬಿಳಿ ಕಲ್ಲೊಂದನ್ನು ಕೈಗೆ ಕೊಟ್ಟು ಇದೇನು ಅಂತಾರೆ. ಚಾಕುವಿನಿಂದ ಗೀರಿದರೆ ಗೆರೆ ಬಿತ್ತಾ? ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಒಂದು ತೊಟ್ಟು ಬಿಟ್ಟರೆ ಬುಸಬುಸ ನೊರೆ ಬಂತಾ? ಹಾಗಾದರೆ ಅದು ಕ್ಯಾಲ್ಸೈಟ್ ಅನ್ನೋ ಖನಿಜ. ಗೆರೆಯೇ ಬೀಳದಿದ್ದರೆ ಬಹುಶಃ ಕ್ವಾರ್ಟ್ಜ್, ಅಂದರೆ ಬೆಣಚುಕಲ್ಲು.

ಪುಣೆ ಸುತ್ತಮುತ್ತ ಎಲ್ಲಿ ನೋಡಿದರೂ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಗಟ್ಟಿಯಾದ ಕಲ್ಲು. ಸಿಂಹಗಡ ಹತ್ತಿದರೆ ಒಂದರ ಮೇಲೊಂದು ಪದರ ಕಾಣುತ್ತೆ. ವಾಘೋಲಿ ಕ್ವಾರಿಗಳ ನೀಲಿ ಕ್ಯಾವನ್ಸೈಟ್ ಹರಳಿಗಂತೂ ಹೊರದೇಶದಲ್ಲೂ ಗಿರಾಕಿಗಳಿದ್ದಾರೆ! ಆದರೆ ನಮ್ಮ ಕಡೆಯ ಗ್ರಾನೈಟ್, ಬಾದಾಮಿಯ ಮರಳುಗಲ್ಲು ನೋಡಬೇಕೆಂದರೆ ದೂರ ಹೋಗಬೇಕು. ಫೀಲ್ಡ್ ಟೂರ್‌ಗೆ ಅಂತ ಬೇರೆ ದುಡ್ಡು ಎತ್ತಿಡಿ.

ಕೆಲಸಕ್ಕೆ ಬಿ.ಎಸ್ಸಿ. ಒಂದೇ ಸಾಲದು. ಕೇಂದ್ರ ಸರ್ಕಾರದ ಜಿಯಾಲಾಜಿಕಲ್ ಸರ್ವೆ ಇಲಾಖೆಗೆ ಸೇರಲು ಯುಪಿಎಸ್‌ಸಿಯ ಜಿಯೋ ಸೈಂಟಿಸ್ಟ್ ಪರೀಕ್ಷೆ ಬರೆಯಬೇಕು, ಅದಕ್ಕೆ ಎಂ.ಎಸ್ಸಿ. ಕೇಳುತ್ತಾರೆ. ಐಐಟಿಗಳಲ್ಲಿ ಎಂ.ಎಸ್ಸಿ. ಮಾಡಲು ಜಾಮ್ ಪರೀಕ್ಷೆ ಇದೆ. ಅದರಲ್ಲಿ ಜಿಯಾಲಜಿಯದೇ ಪೇಪರ್ ಉಂಟು, ಡಿಗ್ರಿಯ ಕೊನೆಯ ವರ್ಷದಲ್ಲೇ ಬರೆಯಬಹುದು.