ಟ್ರೈಕೊಮೊನಸ್ ಸೋಂಕಿನಿಂದ ಕ್ಯಾನ್ಸರ್ ಬರುತ್ತದೆಯೇ?

ಪ್ರಶ್ನೆ: ನನಗೆ 38 ವರ್ಷ. ಕೆಲವು ತಿಂಗಳಿಂದ ವಾಸನೆಯುಳ್ಳ ಸ್ರಾವ ಮತ್ತು ತುರಿಕೆ ಇದ್ದುದರಿಂದ ವೈದ್ಯರನ್ನು ಕಂಡೆ. ಪ್ಯಾಪ್ ಸ್ಮಿಯರ್ (ಗರ್ಭಕಂಠದ ಜೀವಕೋಶಗಳನ್ನು ತೆಗೆದು ನೋಡುವ ಪರೀಕ್ಷೆ) ವರದಿಯಲ್ಲಿ ‘ಟ್ರೈಕೊಮೊನಸ್’ ಎಂಬ ಪರೋಪಜೀವಿ ಕಂಡಿದೆಯೆಂದೂ ಜೀವಕೋಶಗಳಲ್ಲಿ ಸ್ವಲ್ಪ ವ್ಯತ್ಯಾಸವಿದೆಯೆಂದೂ ಬರೆದಿದ್ದಾರೆ. ಈ ಸೋಂಕಿಗೂ ಗರ್ಭಕಂಠದ ಕ್ಯಾನ್ಸರಿಗೂ ನಂಟಿದೆ ಎಂದು ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಇದು ಲೈಂಗಿಕ ಸಂಪರ್ಕದಿಂದ ಹರಡುತ್ತದಂತೆ. ನನ್ನ ಪತಿಗೆ ಯಾವ ತೊಂದರೆಯೂ ಇಲ್ಲ. ಹಾಗಾದರೆ ನನಗೆ ಎಲ್ಲಿಂದ ಬಂತು?

ಉತ್ತರ: ನಿಮ್ಮ ವರದಿಯಲ್ಲಿರುವುದು ಕ್ಯಾನ್ಸರ್ ಅಲ್ಲ, ಮಾತ್ರೆಯಿಂದ ಗುಣವಾಗುವ ಒಂದು ಸೋಂಕು. ಗರ್ಭಕಂಠದ ಕ್ಯಾನ್ಸರಿನ ಮೂಲ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಇದನ್ನು ತೋರಿಸಿಕೊಟ್ಟ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಈ ವೈರಸ್ಸಿನ 16 ಮತ್ತು 18ನೇ ಬಗೆಗಳೇ ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಹೊಣೆ. ಟ್ರೈಕೊಮೊನಸ್ ವೈರಸ್ ಅಲ್ಲ. ಬಾಲದಂಥ ಎಳೆಗಳನ್ನು ಬಡಿಯುತ್ತಾ ಈಜುವ ಏಕಕೋಶ ಜೀವಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್ ಉಂಟುಮಾಡುವುದು ಖಚಿತವೆಂದು ಹೆಸರಿಸಿರುವ ಪರೋಪಜೀವಿಗಳು ಮೂರು. ಮೂರೂ ಚಪ್ಪಟೆ ಹುಳುಗಳು. ಟ್ರೈಕೊಮೊನಸ್ ಆ ಪಟ್ಟಿಯಲ್ಲಿಲ್ಲ.

ಆದರೂ ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1994ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಈ ಸೋಂಕಿದ್ದವರಿಗೆ ಗರ್ಭಕಂಠದ ಕ್ಯಾನ್ಸರಿನ ಅಪಾಯ ಸುಮಾರು 1.9 ಪಟ್ಟು ಕಂಡುಬಂದಿತ್ತು. ಆರೋಗ್ಯವಂತ ಯೋನಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಹುಳಿಯಂಶವನ್ನು ಕಾಪಾಡಿಕೊಂಡು ಬರುತ್ತವೆ. ಈ ಪರೋಪಜೀವಿ ನೆಲೆಯೂರಿದಾಗ ಆ ಬ್ಯಾಕ್ಟೀರಿಯಾಗಳು ಕುಗ್ಗುತ್ತವೆ, ಹುಳಿಯಂಶ ತಗ್ಗಿ ಪಿಎಚ್ 4.5ನ್ನು ಮೀರುತ್ತದೆ, ಜೀವಕೋಶಗಳಿಗೆ ಅಂಟಿಕೊಂಡ ಜೀವಿ ಅವುಗಳನ್ನು ಘಾಸಿಗೊಳಿಸುತ್ತದೆ, ಮತ್ತು ಉರಿಯೂತ ತಿಂಗಳುಗಟ್ಟಲೆ ಹೊಗೆಯಾಡುತ್ತಿರುತ್ತದೆ. ಹೀಗೆ ಗಾಯಗೊಂಡ ಪೊರೆಯೊಳಗೆ ಎಚ್‌ಪಿವಿ ನುಸುಳುವುದೂ ಹೆಚ್ಚು ಕಾಲ ಉಳಿಯುವುದೂ ಸುಲಭವಾಗಬಹುದು ಎಂಬುದು ಸಂಶೋಧಕರ ವಾದ. ಬಹುಪಾಲು ಮಹಿಳೆಯರ ದೇಹ ಎಚ್‌ಪಿವಿಯನ್ನು ಒಂದೆರಡು ವರ್ಷಗಳಲ್ಲಿ ತಾನೇ ಹೊರದೂಡುತ್ತದೆ. ಹೋಗದೆ ಉಳಿದ ವೈರಸ್ಸಷ್ಟೇ ಕ್ಯಾನ್ಸರಿಗೆ ದಾರಿ ಮಾಡುತ್ತದೆ, ಅದಕ್ಕೂ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು.

ಇಲ್ಲಿ ಒಂದು ತೊಡಕಿದೆ. ಎರಡು ಸೋಂಕುಗಳೂ ಒಂದೇ ಹಾದಿಯಲ್ಲಿ, ಅಂದರೆ ಲೈಂಗಿಕ ಸಂಪರ್ಕದಿಂದ, ಬರುವುದರಿಂದ, ಒಂದಿದ್ದವರಲ್ಲಿ ಇನ್ನೊಂದೂ ಇರುವ ಸಂಭವ ಹೇಗೂ ಹೆಚ್ಚು. ಆದ್ದರಿಂದ ಆ 1.9 ಪಟ್ಟಿನಲ್ಲಿ ಪರೋಪಜೀವಿಯ ಪಾಲೆಷ್ಟು, ಜೊತೆಗೇ ಬಂದಿದ್ದ ವೈರಸ್ಸಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನನ್ನ ಅಭಿಪ್ರಾಯದಲ್ಲಿ ಟ್ರೈಕೊಮೊನಸ್ ಅನ್ನು ಕಾರಣವೆಂದು ಕರೆಯುವುದು ಅವಸರದ ಮಾತು. ‘ಎಚ್‌ಪಿವಿಯನ್ನೂ ನೋಡಿ’ ಎಂಬ ಸೂಚನೆಯೆಂದು ತಿಳಿಯುವುದು ಸರಿ.

ಜೀವಕೋಶಗಳ ವ್ಯತ್ಯಾಸ ಬರಿಯ ಉರಿಯೂತದಿಂದಲೂ ಕಾಣಿಸಬಹುದು, ಆದರೆ ಉರಿಯೂತದ್ದೇ ಎಂದು ಊಹಿಸಿ ಕೈಬಿಡಬಾರದು. ಪ್ಯಾಪ್ ಸ್ಮಿಯರ್ ಈ ಪರೋಪಜೀವಿಯನ್ನು ಗುರುತಿಸಲೆಂದೇ ಇರುವ ಪರೀಕ್ಷೆಯಲ್ಲವಾದ್ದರಿಂದ, ಮೊದಲು ಸ್ರಾವದ ಪರೀಕ್ಷೆಯಿಂದ, ಸಾಧ್ಯವಿದ್ದರೆ ಜೀವಿಯ ಆನುವಂಶಿಕ ದ್ರವ್ಯವನ್ನು ಹುಡುಕುವ ಪರೀಕ್ಷೆಯಿಂದ, ಸೋಂಕನ್ನು ಖಚಿತಪಡಿಸಿಕೊಳ್ಳಿ. ಮಹಿಳೆಯರಿಗೆ ಸಾಮಾನ್ಯವಾಗಿ ಮೆಟ್ರೊನಿಡಜೋಲ್ 500 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡು ಬಾರಿ ಏಳು ದಿನ ಕೊಡುತ್ತಾರೆ. ಅದನ್ನು ವೈದ್ಯರು ಬರೆದುಕೊಟ್ಟಂತೆಯೇ ಪೂರ್ತಿ ತೆಗೆದುಕೊಳ್ಳಿ. ಮೂರು ತಿಂಗಳೊಳಗೆ ಮರುಪರೀಕ್ಷೆ ಆಗಬೇಕು, ಏಕೆಂದರೆ ಸೋಂಕು ಮರುಕಳಿಸುವುದು ಅಪರೂಪವಲ್ಲ. ಎಚ್‌ಪಿವಿ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಗರ್ಭಕಂಠವನ್ನು ಕಾಲ್ಪೊಸ್ಕೋಪ್ ಎಂಬ ಹಿಗ್ಗಿಸಿ ತೋರಿಸುವ ಉಪಕರಣದಲ್ಲಿ ನೋಡಬೇಕೇ ಎಂಬುದನ್ನು ವೈದ್ಯರು ಆ ಫಲಿತಾಂಶವನ್ನೂ ಸ್ಮಿಯರ್ ವರದಿಯನ್ನೂ ಒಟ್ಟಿಗಿಟ್ಟು ನಿರ್ಧರಿಸುತ್ತಾರೆ. ಮಾತ್ರೆಯಿಂದ ಪರೋಪಜೀವಿ ಹೋದರೂ ವೈರಸ್ ಹೋಗದು.

ಇನ್ನು ಎಲ್ಲಿಂದ ಬಂತು ಎಂಬ ಪ್ರಶ್ನೆ. ಈ ಸೋಂಕು ತಗುಲಿದ ಹೆಚ್ಚಿನವರಲ್ಲಿ, ಅದರಲ್ಲೂ ಪುರುಷರಲ್ಲಿ, ಯಾವ ಲಕ್ಷಣವೂ ಕಾಣುವುದಿಲ್ಲ. ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಆದ್ದರಿಂದ ಸೋಂಕು ಯಾವಾಗ, ಯಾರಿಂದ ಯಾರಿಗೆ ತಗುಲಿತೆಂದು ಯಾವ ಪ್ರಯೋಗಾಲಯದ ವರದಿಯೂ ಹೇಳಲಾರದು; ಆ ವರದಿಯನ್ನು ಮುಂದಿಟ್ಟುಕೊಂಡು ಯಾರೂ ಯಾರನ್ನೂ ವಿಚಾರಣೆಗೆ ನಿಲ್ಲಿಸಬೇಕಾಗಿಲ್ಲ. ನಿಮ್ಮ ಪತಿಗೆ ತೊಂದರೆ ಇಲ್ಲದಿದ್ದರೂ ಅವರಿಗೂ ಜೊತೆಯಲ್ಲೇ ಚಿಕಿತ್ಸೆಯಾಗಬೇಕು. ಇಬ್ಬರ ಚಿಕಿತ್ಸೆಯೂ ಮುಗಿದು ಲಕ್ಷಣಗಳು ಹೋಗುವವರೆಗೆ ದೈಹಿಕ ಸಂಪರ್ಕ ಬೇಡ.

ಪ್ರಶ್ನೆ: ನನ್ನ 12 ವರ್ಷದ ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿದರೆ ಟ್ರೈಕೊಮೊನಸ್ ಸೋಂಕೂ ಬಾರದೇ?

ಉತ್ತರ: ಆ ಲಸಿಕೆ ಎಚ್‌ಪಿವಿಗೆ ಮಾತ್ರ. ಟ್ರೈಕೊಮೊನಸ್‌ಗೆ ಮಾನವ ಬಳಕೆಯ ಲಸಿಕೆ ಇನ್ನೂ ಬಂದಿಲ್ಲ. ಆದರೂ ತಪ್ಪದೆ ಹಾಕಿಸಿ. 9ರಿಂದ 14 ವರ್ಷದ ಹುಡುಗಿಯರಿಗೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮುಖ್ಯವಾಗಿ ಶಿಫಾರಸು ಮಾಡುತ್ತದೆ. ದೊಡ್ಡವಳಾದ ಮೇಲೆ, ಲಸಿಕೆ ಹಾಕಿಸಿಕೊಂಡಿದ್ದರೂ, ಗರ್ಭಕಂಠದ ತಪಾಸಣೆಯನ್ನು ಅವಳು ಮಾಡಿಸಿಕೊಳ್ಳಬೇಕಾಗುತ್ತದೆ.