ಸ್ಪೆನ್ಸರನ ಸೂತ್ರ ಡಾರ್ವಿನ್ನನದಲ್ಲ

ಡಾರ್ವಿನ್ನನ ಸಿದ್ಧಾಂತವನ್ನೇ ಹಿಗ್ಗಿಸಿ ಇಂಗ್ಲಿಷ್ ತತ್ತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್ ಎಲ್ಲ ಜ್ಞಾನವನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದನೇ ಎಂದು ಕೇಳಿದ್ದೀರಿ. ಇಲ್ಲ. ಏಕರೂಪದ್ದು ಬಹುರೂಪವಾಗುತ್ತದೆ ಎಂಬ ನಿಯಮವನ್ನು ಅವನು 1857ರಲ್ಲೇ ಬರೆದಿದ್ದ. ಡಾರ್ವಿನ್ನನ ಗ್ರಂಥ ಬಂದದ್ದು 1859ರಲ್ಲಿ. ದಾರಿ ತೋರಿದ್ದು, ಭ್ರೂಣ ಬೆಳೆಯುತ್ತ ಏಕರೂಪದಿಂದ ಬಹುರೂಪಕ್ಕೆ ಸಾಗುತ್ತದೆ ಎಂದ ಫಾನ್ ಬೇಯರನ ಭ್ರೂಣಶಾಸ್ತ್ರ. ಮುಂದೆ ಜೀವ, ಮನಸ್ಸು, ಸಮಾಜ, ನೀತಿ ಎಲ್ಲಕ್ಕೂ ಅದನ್ನೇ ಅನ್ವಯಿಸುತ್ತ 1896ರವರೆಗೆ ಬರೆದ. ನಿರ್ಜೀವ ಪ್ರಕೃತಿಯ ಸಂಪುಟಗಳನ್ನು ಮಾತ್ರ ಕೈಬಿಟ್ಟ (ಎಲ್ಲವನ್ನೂ ಒಂದುಗೂಡಿಸಲು ಹೊರಟವನು!).

ನಿಮ್ಮ ವಿರಾಜಪೇಟೆಯ ಸುತ್ತಲೇ ನೋಡಿ. ದೇವರಕಾಡಿನಲ್ಲಿ ಹತ್ತಾರು ಜಾತಿಯ ಮರಗಳು. ಪಕ್ಕದ ತೋಟದಲ್ಲಿ ರೋಬಸ್ಟಾ ಕಾಫಿ, ನೆರಳಿಗೆ ಸಾಲಾಗಿ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಕರಿಮೆಣಸು. ಇದು ಬಹುರೂಪದತ್ತ ನಡೆಯೇ? ಸ್ಪೆನ್ಸರ್ ಇದನ್ನು ವಿಕಾಸದ ವಿರುದ್ಧ ಪ್ರಕ್ರಿಯೆಯಾದ ವಿಘಟನೆಯ ಲೆಕ್ಕಕ್ಕೆ ಬರೆದು ಜಾರಿಕೊಂಡಾನು. ನನ್ನ ತಕರಾರು ಇರುವುದೇ ಅಲ್ಲಿ: ಎರಡೂ ದಿಕ್ಕಿಗೆ ಹೊಂದುವ ಸೂತ್ರ ಎಂದೂ ತಪ್ಪಾಗದು.