‘ಮಿಸ್’ ಎಂದರೆ ನೆನಪೋ, ಕಾಣೆಯೋ?

ಪ್ರಶ್ನೆ: ದೂರದಲ್ಲಿರುವ ಅಕ್ಕನಿಗೆ ‘ಯು ಆರ್ ಮಿಸ್ಸಿಂಗ್’ ಎಂದು ಸಂದೇಶ ಕಳಿಸಿದೆ. ‘ನಾನೇನು ಕಳೆದುಹೋಗಿದ್ದೀನಾ?’ ಎಂದು ನಕ್ಕಳು. ‘ಐ ಆಮ್ ರಿಮೆಂಬರಿಂಗ್ ಯು’ ಎನ್ನಬೇಕಿತ್ತೇ?

ಉತ್ತರ: ಅದೂ ಬೇಡ. ‘ಐ ಮಿಸ್ ಯು’ ಸಾಕು. ‘ನನಗೆ ನಿನ್ನ ನೆನಪಾಗುತ್ತಿದೆ’ ಎನ್ನುವಾಗ ಕನ್ನಡದಲ್ಲಿ ಕರ್ತೃ ನೆನಪು. ನಾನು ‘ನನಗೆ’ ಎಂದು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ಕೂತಿರುತ್ತೇನೆ. ಇಂಗ್ಲಿಷಿನಲ್ಲಿ ಹಂಬಲಿಸುವವರೇ ಕರ್ತೃ, ದೂರವಿರುವವರು ಕರ್ಮ. ಇದನ್ನು ತಿರುಗಿಸಿದರೆ ಅಕ್ಕ ಕಾಣೆಯಾದವರ ಪಟ್ಟಿಗೆ ಸೇರುತ್ತಾಳೆ.

‘ರಿಮೆಂಬರ್’ ಎಂಬುದರಲ್ಲಿ ಹಂಬಲವಿಲ್ಲ. ‘ಐ ರಿಮೆಂಬರ್ ಯು’ ಎಂದರೆ ನೀವು ಯಾರೆಂಬುದು ಮರೆತಿಲ್ಲ ಎಂದಷ್ಟೇ. ಒಡಹುಟ್ಟಿದವಳಿಗೆ ಹೇಳುವ ಮಾತಲ್ಲ. ಹಾಡು ಕೇಳಿ ನೆನಪು ಬಂತೆನ್ನಲು ‘ದಿಸ್ ಸಾಂಗ್ ರಿಮೈಂಡ್ಸ್ ಮಿ ಆಫ್ ಯು’. ಆ ‘ಆಫ್’ ಬಿಟ್ಟರೆ ವಾಕ್ಯ ನಿಲ್ಲದು.

‘ಮಿಸ್ ಮಾಡ್ಕೋತಾ ಇದೀನಿ’ ಎಂದು ದಿನವೂ ಆಡುವುದರಿಂದ ‘ಐ ಆಮ್ ಮಿಸ್ಸಿಂಗ್ ಯು’ ತಾನಾಗಿ ಬಾಯಿಗೆ ಬರುತ್ತದೆ. ಈ ಹೊತ್ತಿನ ತಾತ್ಕಾಲಿಕ ಭಾವಕ್ಕೆ ಸಲಿಗೆಯ ಮಾತಿನಲ್ಲಿ ಅದು ನಡೆಯುತ್ತದೆ. ಬರವಣಿಗೆಯಲ್ಲಿ ‘ಐ ಮಿಸ್ ಯು’ ಎಂಬುದೇ ಲೇಸು.

ಪ್ರಶ್ನೆ: ‘ಐ ಮಿಸ್ಡ್ ಯು’ ಎಂದರೆ ನೆನೆಸಿಕೊಂಡೆ ಎಂದೋ, ಭೇಟಿಯಾಗಲಿಲ್ಲ ಎಂದೋ?

ಉತ್ತರ: ಎರಡೂ ಹೌದು. ಗುರಿ ತಪ್ಪುವುದು ಈ ಕ್ರಿಯಾಪದದ ಹಳೆಯ ಅರ್ಥ. ‘ಐ ಮಿಸ್ಡ್ ಯು ಅಟ್ ದ ಸ್ಟೇಷನ್’ ಎಂದರೆ ಸಾಮಾನ್ಯವಾಗಿ ನಿಲ್ದಾಣದಲ್ಲಿ ನೀವು ಕೈತಪ್ಪಿದಿರಿ ಎಂದು. ‘ಐ ಮಿಸ್ಡ್ ಯು ಸೋ ಮಚ್’ ಎಂದರೆ ಹಂಬಲ. ‘ಸೋ ಮಚ್’ ಸೇರಿದ ಮೇಲೆ ಗೊಂದಲಕ್ಕೆ ಎಡೆಯಿಲ್ಲ. ‘ಬಸ್ ಮಿಸ್ ಆಯ್ತು’ ಎಂಬುದನ್ನು ‘ದ ಬಸ್ ಮಿಸ್ಡ್’ ಎಂದು ಮಾಡಬೇಡಿ. ತಪ್ಪಿಸಿಕೊಂಡವರು ನೀವು: ‘ಐ ಮಿಸ್ಡ್ ದ ಬಸ್’.

ಕೆಲಸವೊಂದರ ನೆನಪು ಕಾಡಿದರೆ ಮುಂದಿನ ಪದಕ್ಕೆ ‘ಇಂಗ್’ ಬರಲೇಬೇಕು: ‘ಐ ಮಿಸ್ ಟಾಕಿಂಗ್ ಟು ಯು’. ‘ಮಿಸ್ ಟು ಟಾಕ್’ ತಪ್ಪು.

ಪ್ರಶ್ನೆ: ಲಾಂಗ್, ಪೈನ್, ಹೋಮ್‌ಸಿಕ್, ನಾಸ್ಟಾಲ್ಜಿಯಾ ಎಲ್ಲವೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ‘ಲಾಂಗ್’ ಮುಂದಕ್ಕೆ ನೋಡುವ ಹಂಬಲ: ‘ಐ ಲಾಂಗ್ ಟು ಸೀ ಹರ್’. ವ್ಯಕ್ತಿಯನ್ನೇ ಹೇಳುವಾಗ ‘ಲಾಂಗ್ ಫಾರ್’. ‘ಪೈನ್’ ಎಂದರೆ ಕೊರಗಿ ಸೊರಗುವುದು. ವಾರಾಂತ್ಯಕ್ಕೆ ಊರಿಗೆ ಹೋದ ಗೆಳೆಯನಿಗಾಗಿ ಬಳಸಿದರೆ ತಮಾಷೆಯಾದೀತು. ಇದಕ್ಕೂ ಪೈನ್ ಮರಕ್ಕೂ ಸಂಬಂಧವಿಲ್ಲ, ನೋವೆಂಬ ಅರ್ಥದ ‘ಪೇನ್’ ಇದರ ನಂಟ. ‘ಹೋಮ್‌ಸಿಕ್’ ಗುಣವಾಚಕ, ಹಾಗಾಗಿ ‘ಐ ಆಮ್ ಹೋಮ್‌ಸಿಕ್’. ‘ಐ ಹ್ಯಾವ್ ಹೋಮ್‌ಸಿಕ್’ ಅಲ್ಲ.

‘ನಾಸ್ಟಾಲ್ಜಿಯಾ’ ಮೊದಲು ಕಾಯಿಲೆಯ ಹೆಸರು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ವೈದ್ಯವಿದ್ಯಾರ್ಥಿ ಯೋಹಾನೆಸ್ ಹೋಫರ್, ಮನೆಗೆ ಮರಳುವುದು ಮತ್ತು ನೋವು ಎಂಬ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಇದನ್ನು ಕಟ್ಟಿದ. ಆಗ ಅದು ಮನೆಯ ಹಂಬಲವಾಗಿತ್ತು, ಈಗ ಕಳೆದ ಕಾಲದ ಹಂಬಲ. ಆದ್ದರಿಂದ ಅಕ್ಕನ ಬಗ್ಗೆ ‘ಐ ಫೀಲ್ ನಾಸ್ಟಾಲ್ಜಿಕ್’ ಎಂದರೆ ಸರಿಹೋಗದು. ಅವಳೊಡನೆ ಆಡಿದ ಬಾಲ್ಯದ ಬಗ್ಗೆ ಎನ್ನಬಹುದು.

ಪ್ರಶ್ನೆ: ತೀರಿಕೊಂಡವರ ಬಗ್ಗೆ ‘ವಿ ಮಿಸ್ಡ್ ಹಿಮ್’ ಎಂದು ಬರೆಯಬಹುದೇ?

ಉತ್ತರ: ಹಾಗೆ ಬರೆದರೆ ಆಗ ಕಾಡಿತ್ತು, ಈಗಿಲ್ಲ ಎಂಬ ಧ್ವನಿ ಹೊಮ್ಮುತ್ತದೆ. ವ್ಯಕ್ತಿ ಹೋಗಿ ಎಷ್ಟೇ ವರ್ಷವಾಗಿರಲಿ, ‘ವಿ ಮಿಸ್ ಹಿಮ್’ ಎಂದೇ ಬರೆಯಿರಿ. ಸಂತಾಪ ಪತ್ರಕ್ಕೆ ‘ಹಿ ವಿಲ್ ಬಿ ಡಿಯರ್ಲಿ ಮಿಸ್ಡ್’ ಒಪ್ಪುತ್ತದೆ.